ಮಳೆಗಾಲದಲ್ಲಿ ಮನೆಯಲ್ಲಿ ಇಟ್ಟಿದ್ದರಲ್ಲೇ ಅಡುಗೆ: ಯಾವುದನ್ನು ಮೊದಲು ಮುಗಿಸ್ತೀರಿ?

ಗಾಳಿಬೀಡು ದಾರಿ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ದಾರಿಯಲ್ಲಿ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಆರು ಜನ. ಪ್ರತಿ ವರ್ಷ ಮೇ ಕೊನೆಯೊಳಗೆ ಮಳೆಗಾಲದ ಸಾಮಾನು ತಂದು ತುಂಬಿಸುತ್ತೇವೆ. ಇಲ್ಲಿಯವರಿಗೆಲ್ಲ ಗೊತ್ತಿರುವ ಅಭ್ಯಾಸವೇ.

ಕಳೆದ ವಾರ ಲೈನ್ ಮೇಲೆ ಮರ ಬಿತ್ತು. ಐದು ದಿನ ಕರೆಂಟ್ ಇರಲಿಲ್ಲ. ದಾರಿಗೂ ಒಂದು ಮರ ಅಡ್ಡ ಬಿದ್ದಿತ್ತು, ಶುಕ್ರವಾರದ ಸಂತೆಗೆ ಯಾರೂ ಹೋಗಲಿಲ್ಲ. ಎರಡು ದಿನ ಇದ್ದ ತರಕಾರಿಯಲ್ಲಿ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಸ್ಟೋರ್ ರೂಮಿನ ಬಾಗಿಲು ತೆಗೆದು ನಿಂತೆ. ಅಕ್ಕಿ ಇದೆ, ಬೇಳೆ ಇದೆ, ಕಾಳು ಇದೆ, ಉಪ್ಪಿನಕಾಯಿ ಇದೆ, ಹಪ್ಪಳ ಇದೆ. ಆದರೂ ಮಧ್ಯಾಹ್ನಕ್ಕೆ ಏನು ಮಾಡಲಿ ಅಂತ ಹೊಳೆಯಲೇ ಇಲ್ಲ.

ಸರಿ, ಅವರೆಕಾಳಿನ ಸಾರು ಮಾಡೋಣ ಅಂತ ಹಿಂದಿದ್ದ ಡಬ್ಬ ತೆಗೆದೆ. ಮುಚ್ಚಳ ಬಿಚ್ಚಿದ ಕೂಡಲೇ ಮುಗ್ಗಲು ವಾಸನೆ. ಕೈ ಹಾಕಿದರೆ ಬೆರಳಿಗೆ ಬಿಳಿ ಹಿಟ್ಟು ಮೆತ್ತಿಕೊಂಡಿತು. ಒಂದೊಂದು ಕಾಳಿನಲ್ಲೂ ಸೂಜಿಯಿಂದ ಚುಚ್ಚಿದ ಹಾಗೆ ದುಂಡನೆ ತೂತು. 4 ಕೆಜಿ ಕಾಳು. ನಾನೇ ತಂದದ್ದು. ಅದನ್ನು ಹಿಂದಕ್ಕೆ ತಳ್ಳಿ ಮುಂದೆ ಹೊಸ ಡಬ್ಬ ಇಟ್ಟವಳೂ ನಾನೇ. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿಯುವಾಗ ಹೊಟ್ಟೆ ಉರಿಯಿತು.

ಅತ್ತೆ ಏನೂ ಅನ್ನಲಿಲ್ಲ. ಒಲೆಯ ಹಿಂದಿನ ಮೂಲೆಯಿಂದ ಮಣ್ಣಿನ ಗಡಿಗೆ ಎಳೆದು ತಂದರು. ಒಳಗೆ ಹಲಸಿನ ಬೀಜ. ಜೂನ್ ಮೊದಲಿಗೆ ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ, ಕೆಮ್ಮಣ್ಣು ಮೆತ್ತಿ ಇಟ್ಟಿದ್ದರಂತೆ. ಅವರು ಇಟ್ಟದ್ದು ನನಗೆ ಗೊತ್ತೇ ಇರಲಿಲ್ಲ! ನೀರಲ್ಲಿ ಹಾಕಿ ಉಜ್ಜಿದಾಗ ಮಣ್ಣು ಬಿಟ್ಟು ಬೀಜ ಹೊಸದರಂತೆ ಕಂಡಿತು. ಗುಂಡುಕಲ್ಲಿನಿಂದ ಒಂದೊಂದಕ್ಕೂ ಮೆಲ್ಲಗೆ ಒಂದು ಪೆಟ್ಟು. ಬಿಳಿ ಸಿಪ್ಪೆ ಟಪ್ ಅಂತ ಒಡೆದು ಕಾಗದದ ಹಾಗೆ ಕಳಚಿತು. ಕೆಂಪು ಸಿಪ್ಪೆಯನ್ನು ಪೂರ್ತಿ ತೆಗೆಯಬೇಡ, ಅದರಲ್ಲೂ ರುಚಿ ಇದೆ ಅಂದರು. ಮಾಡಿನ ಅಡ್ಡಮರಕ್ಕೆ ಕಟ್ಟಿದ್ದ ಸೌತೆಕಾಯಿ ಒಂದನ್ನು ಬಿಚ್ಚಿ, ಎರಡೂ ಸೇರಿಸಿ ಹುಳಿ ಮಾಡಿದೆವು. ಆರು ಜನಕ್ಕೆ ಎರಡು ಹೊತ್ತಿಗೆ ಆಯಿತು.

ಆವತ್ತಿನಿಂದ ಒಂದೇ ಯೋಚನೆ. ತಂದು ಇಡುವುದನ್ನು ನಾವೆಲ್ಲ ಚೆನ್ನಾಗಿ ಕಲಿತಿದ್ದೇವೆ. ಇಟ್ಟದ್ದನ್ನು ಸರಿಯಾದ ಹೊತ್ತಿಗೆ ಒಲೆ ಮೇಲೆ ತರುವುದನ್ನು ನಾನಂತೂ ಕಲಿತಿಲ್ಲ. ನಿಮ್ಮ ಮನೆಗಳಲ್ಲಿ ಇದಕ್ಕೆ ಏನು ಕ್ರಮ ಇದೆ? ಯಾವುದು ಮೊದಲು, ಯಾವುದು ಕೊನೆಗೆ? ದಯವಿಟ್ಟು ಬರೆಯಿರಿ. ನೀವು ಮಾಡುವ ಅಡುಗೆಯನ್ನೂ ಹೇಳಿ.

ನಾಪೋಕ್ಲು ಹಳೇ ಅಡುಗೆಮನೆ

ಮಗಳೇ, ಕಾಳು ಹೋದದ್ದಕ್ಕೆ ಅಷ್ಟು ನೊಂದುಕೊಳ್ಳಬೇಡ. ನನಗೆ 68 ವರ್ಷ. ನನ್ನ ಕೈಯಲ್ಲೂ ಎಷ್ಟೋ ಹಾಳಾಗಿದೆ.

ನಮ್ಮಲ್ಲಿ ಲೆಕ್ಕ ಇಡುವುದು ಹಬ್ಬದಿಂದ. ಮಳೆ ಹಿಡಿದಾಗಿನಿಂದ ಕಕ್ಕಡ 18, ಅಂದರೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನದ ವರೆಗೆ ಒಂದು ಪಾಲು. ಅಲ್ಲಿಂದ ಆಯುಧ ಪೂಜಿಸುವ ಹಬ್ಬ ಕೈಲ್ ಪೊಳ್ದ್ ವರೆಗೆ ಇನ್ನೊಂದು. ಕೈಲ್ ಪೊಳ್ದ್‌ನಿಂದ ಹೊಸ ಭತ್ತದ ಹಬ್ಬ ಹುತ್ತರಿಗೆ ಮೂರನೆಯದು. ಕಕ್ಕಡ 18 ಬರುವುದು ಆಗಸ್ಟ್ 3ರ ಹೊತ್ತಿಗೆ, ಕೈಲ್ ಪೊಳ್ದ್ ಸೆಪ್ಟೆಂಬರ್ 3ಕ್ಕೆ. ಕಾಳು, ಹಪ್ಪಳ, ಒಣಮೀನು, ಹಲಸಿನ ಬೀಜ ಇವೆಲ್ಲ ಮೊದಲ ಎರಡು ಪಾಲಿನಲ್ಲೇ ಮುಗಿಯಬೇಕು. ಹಲಸಿನ ಬೀಜ ಜಾಸ್ತಿ ದಿನ ಇಟ್ಟರೆ ಮೊಳಕೆ ಬರುತ್ತದೆ. ಅಕ್ಕಿ, ಕಾಚಂಪುಳಿ (ಹಣ್ಣಿನಿಂದ ಕಾಯಿಸಿ ಮಾಡುವ ಕಪ್ಪು ಹುಳಿರಸ), ಜೇನು, ಕರಿಮೆಣಸು ಇವಕ್ಕೆ ಅವಸರ ಇಲ್ಲ. ನಮ್ಮ ಅತ್ತೆ ಹುತ್ತರಿಯ ದಿನ ಪತ್ತಾಯದ (ಧಾನ್ಯ ತುಂಬುವ ದೊಡ್ಡ ಪೆಟ್ಟಿಗೆಯ) ಹಳೇ ಅಕ್ಕಿ ಎಷ್ಟು ಉಳಿದಿದೆ ಅಂತ ನೋಡುತ್ತಿದ್ದರು. ಸ್ವಲ್ಪ ಉಳಿದಿದ್ದರೆ ಅವರಿಗೆ ಸಮಾಧಾನ. ರಾಶಿ ಉಳಿದಿದ್ದರೆ, ವರ್ಷವಿಡೀ ಯಾರಿಗೋ ಕಡಿಮೆ ಬಡಿಸಿದ್ದೀರಿ ಅಂತ ಬೈಯುತ್ತಿದ್ದರು.

ಒಲೆ ಮೇಲಿನ ಅಟ್ಟ ಇರುವ ಮನೆಗಳು ಈಗ ಕಡಿಮೆ. ನಮ್ಮಲ್ಲಿ ಇನ್ನೂ ಇದೆ. ಮಾಂಸಕ್ಕೆ ಉಪ್ಪು, ಅರಿಶಿನ ಹಚ್ಚಿ ಹೊಗೆಗೆ ಕಟ್ಟುತ್ತೇವೆ. ಬೇಕಾದಾಗ ಬಿಸಿನೀರಲ್ಲಿ ತೊಳೆದು, ಬೇಯಿಸಿ, ಕಲ್ಲಲ್ಲಿ ಜಜ್ಜಿ, ಈರುಳ್ಳಿ ಹಸಿಮೆಣಸು ಹಾಕಿ ಹುರಿದರೆ ಅಷ್ಟೇ ಸಾಕು. ಒಂದು ಹಿಡಿ ಮಾಂಸದಲ್ಲಿ ಐದು ಜನ ಒಟ್ಟಿ (ರೊಟ್ಟಿ) ತಿನ್ನಬಹುದು.

ಇನ್ನು ಅಕ್ಕಿ ಒಟ್ಟಿ. ಮಳೆಗಾಲದಲ್ಲಿ ನಮ್ಮನ್ನು ಕಾಪಾಡುವುದು ಅದೇ. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚೆನ್ನಾಗಿ ಮಿದ್ದು, ಹಿಡಿಯುವಷ್ಟು ಅಕ್ಕಿಹಿಟ್ಟು ಹಾಕಿ ನಾದಿ, ತೆಳ್ಳಗೆ ಲಟ್ಟಿಸಿ ಕಾವಲಿಯಲ್ಲಿ ಎರಡೂ ಕಡೆ ಬಾಡಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸುವುದು. ಎಳ್ಳು ಪಜ್ಜಿ ಇದ್ದರೆ ಬೇರೆ ಪಲ್ಯ ಬೇಡ. ಎಳ್ಳು, ಒಣಮೆಣಸು ಹುರಿದು, ಉಪ್ಪು ಹುಳಿ ಸೇರಿಸಿ ಕಲ್ಲಲ್ಲಿ ಅರೆದರೆ ಆಯಿತು. ಇವೆಲ್ಲ ಮನೆಯಲ್ಲಿ ಇರುವುದೇ ಅಲ್ವಾ?

ಸಂಪಾಜೆ ಕಡೆಯವನು

ನಾವು ಅರೆಭಾಷೆ ಗೌಡರು. ಈ ವಿಷಯ ನೋಡಿ ಬರೆಯದೆ ಇರಲು ಆಗಲಿಲ್ಲ.

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿ ದಾರಿ ಬಂದ್ ಆಯಿತು. ಮೇಲೂ ಹೋಗುವಂತಿಲ್ಲ. ನಮ್ಮ ಮನೆಗೆ ಏನೂ ಆಗಲಿಲ್ಲ. ಮನೆ ಬಿಟ್ಟು ಬಂದ ನೆಂಟರು ಸೇರಿ 14 ಜನ ಇದ್ದೆವು. ಆವಾಗ ನಮ್ಮ ಅಮ್ಮ ಊಟಕ್ಕೆ ಒಂದು ದಿನವೂ ತೊಂದರೆ ಮಾಡಲಿಲ್ಲ. ಎರಡು ಭರಣಿ ಉಪ್ಪುಸೊಳೆ, ಒಂದು ಭರಣಿ ಉಪ್ಪಲ್ಲಿ ಹಾಕಿದ ಮಾವಿನಕಾಯಿ, ಮಾಡಿಗೆ ಕಟ್ಟಿದ್ದ ಇಪ್ಪತ್ತು ಸೌತೆಕಾಯಿ, ಒಂದು ಮೂಟೆ ಕುಚ್ಚಲಕ್ಕಿ. ಇಷ್ಟೇ ಅವರ ಬಂಡವಾಳ.

ಉಪ್ಪುಸೊಳೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳೆದ ಹಲಸಿನಕಾಯಿಯ ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಬರುವುದು. ಮೇಲೆ ಭಾರ ಇಡಬೇಕು. ತಾನೇ ನೀರು ಬಿಟ್ಟುಕೊಂಡು ಸೊಳೆ ಮುಳುಗುತ್ತದೆ. ಮುಳುಗದೆ ಮೇಲೆ ನಿಂತದ್ದು ಹಾಳಾಗುತ್ತದೆ. ತೆಗೆಯುವಾಗ ಒಣ ಸೌಟು. ಬೇಕಾದಷ್ಟನ್ನು ಹಿಂದಿನ ರಾತ್ರಿಯೇ ನೀರಲ್ಲಿ ಹಾಕಿ, ನೀರು ಬದಲಾಯಿಸಿ ಉಪ್ಪು ಬಿಡಿಸಬೇಕು. ಪಲ್ಯ ಆಗುತ್ತದೆ. ಅಕ್ಕಿ ಜತೆ ಅರೆದು ರೊಟ್ಟಿ ತಟ್ಟಬಹುದು. ಮಕ್ಕಳಿದ್ದರೆ ಅದೇ ಹಿಟ್ಟನ್ನು ಉಂಡೆ ಮಾಡಿ ಎಣ್ಣೆಯಲ್ಲಿ ಕರಿದರೆ ಬಿಸಿ ಇರುವಾಗಲೇ ಮುಗಿಯುತ್ತದೆ.

ಸೌತೆಕಾಯಿ ಕಟ್ಟುವಾಗ ಒಂದಕ್ಕೊಂದು ತಾಗಬಾರದು. ಬಾಳೆನಾರಿನಲ್ಲಿ ಬೇರೆ ಬೇರೆ ಕಟ್ಟಬೇಕು. ಅಮ್ಮ ಪ್ರತಿ ಭಾನುವಾರ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಮೆತ್ತಗಾದದ್ದು ಆವತ್ತೇ ಸಾಂಬಾರಿಗೆ. ಗಾಳಿಬೀಡಿನ ಅಕ್ಕ ಕೇಳಿದ ಕ್ರಮ ಅಂದರೆ ನಮ್ಮಲ್ಲಿ ಇದೇ. ವಾರಕ್ಕೊಮ್ಮೆ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡುವುದು. ಕಣ್ಣಿಗೆ ಚೆನ್ನಾಗಿ ಕಂಡದ್ದು ಕೈಗೆ ಬೇರೆಯೇ ಹೇಳುತ್ತದೆ.

ಸೋಮವಾರಪೇಟೆ ರಾಗಿಮನೆ

ನಮ್ಮ ಕಡೆ ಮಳೆ ನಿಮ್ಮಷ್ಟಿಲ್ಲ, ಊಟವೂ ಸ್ವಲ್ಪ ಬೇರೆ. ಶನಿವಾರಸಂತೆ ಕಡೆಗೆ ಹೋದರೆ ಮುದ್ದೆ ಇಲ್ಲದೆ ಊಟ ಇಲ್ಲ. ರಾಗಿ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆದೆ. ಇಡುವುದಕ್ಕೆ ರಾಗಿಯಂಥ ಧಾನ್ಯ ಇನ್ನೊಂದಿಲ್ಲ. ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಹಿಟ್ಟು ಮಾಡಿಸಿದ ಮೇಲೆ ಮಾತ್ರ ಬೇಗ ಮುಗಿಸಬೇಕು. ಮಳೆಗಾಲದಲ್ಲಿ 15 ದಿನಕ್ಕೆ ಬೇಕಾದಷ್ಟೇ ಮಿಲ್ ಮಾಡಿಸಿ.

ಅವರೆ, ಹುರುಳಿಗೆ ನಮ್ಮಜ್ಜಿ ಸೌದೆ ಬೂದಿ ಬೆರೆಸುತ್ತಿದ್ದರು. ಜರಡಿ ಹಿಡಿದ ಬೂದಿ, ಕಾಳು ಪೂರ್ತಿ ಮುಚ್ಚುವ ಹಾಗೆ. ನಾನು ಈಗಲೂ ಹುರುಳಿಗೆ ಹಾಗೆಯೇ ಮಾಡುತ್ತೇನೆ. ತೊಗರಿಬೇಳೆಗೆ ಹರಳೆಣ್ಣೆ ಸವರಿ ಇಡುತ್ತೇನೆ, ಒಂದು ಕೆಜಿಗೆ ಒಂದು ಚಮಚ ಸಾಕು. ಏಪ್ರಿಲ್ ಬಿಸಿಲಲ್ಲಿ ಕಾಳನ್ನು ಒಣಗಿಸಿ, ಆರಿದ ಮೇಲೆ ತುಂಬಿ. ಬಿಸಿ ಇರುವಾಗ ಡಬ್ಬಕ್ಕೆ ಹಾಕಿದರೆ ಒಳಗೆ ಬೆವರುತ್ತದೆ, ಬೂಷ್ಟು ಅಲ್ಲಿಂದಲೇ ಶುರು.

ಅಲ್ಲಲ್ಲಿ ಮಾತ್ರ ಹುಳ ಹಿಡಿದಿದ್ದರೆ ಎಲ್ಲ ಎಸೆಯಬೇಡಿ. ನೀರಿಗೆ ಹಾಕಿ. ತೂತು ಬಿದ್ದದ್ದು ತೇಲುತ್ತದೆ, ಗಟ್ಟಿ ಕಾಳು ಅಡಿಗೆ ಕೂರುತ್ತದೆ. ನೀವು ಹೇಳಿದ ಹಾಗೆ ಹಿಟ್ಟಾಗಿದ್ದರೆ ಎಸೆದದ್ದೇ ಸರಿ.

ಹುರುಳಿಕಾಳು ಇದ್ದರೆ ಎರಡು ಅಡುಗೆ ಒಟ್ಟಿಗೇ ಆಗುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ಜಾಸ್ತಿ ನೀರಲ್ಲಿ ಬೇಯಿಸಿ. ಕಟ್ಟು ಬಸಿದು ಅದಕ್ಕೆ ಬೆಳ್ಳುಳ್ಳಿ, ಮೆಣಸು, ಜೀರಿಗೆ ಕುಟ್ಟಿ ಹಾಕಿ ಬಸ್ಸಾರು. ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ಪಲ್ಯ. ಒಂದು ಸೇರು ಕಾಳಿನಲ್ಲಿ ನಮ್ಮ ಏಳು ಜನರ ಮನೆಗೆ ಒಂದು ದಿನ ಪೂರ್ತಿ ಆಗುತ್ತದೆ. ಚಳಿಗೆ ಮೈಯೂ ಬೆಚ್ಚಗಾಗುತ್ತದೆ.

ಕುಶಾಲನಗರ ಬಾಡಿಗೆ ಮನೆ

ಎಲ್ಲರೂ ಬರೆದದ್ದು ಓದಿ ಖುಷಿ ಆಯಿತು. ಆದರೆ ಒಂದು ಮಾತು ಹೇಳಲೇಬೇಕು. ಪತ್ತಾಯ, ಅಟ್ಟ, ಭರಣಿ ಇವೆಲ್ಲ ಜಾಗ ಇದ್ದವರಿಗೆ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುತ್ತೇವೆ. ಮೂರು ತಿಂಗಳ ಸಾಮಾನು ಒಟ್ಟಿಗೆ ತರಲು ದುಡ್ಡೂ ಬೇಕಲ್ವಾ? 2019ರಲ್ಲಿ ಕಾವೇರಿ ನೀರು ನಮ್ಮ ಬಡಾವಣೆಗೆ ನುಗ್ಗಿದಾಗ ನೆಲದ ಮೇಲಿದ್ದ ಅಕ್ಕಿ ಮೂಟೆ ಒಳಗಿಂದಲೇ ಉಬ್ಬಿಕೊಂಡು ಒಡೆಯಿತು. 25 ಕೆಜಿ. ಆಮೇಲೆ ಮೂಟೆ ತರುವುದನ್ನೇ ಬಿಟ್ಟೆವು.

ಈಗ ನಮ್ಮ ಲೆಕ್ಕ 10 ದಿನದ್ದು. ಐದೈದು ಕೆಜಿಯ ಮುಚ್ಚಳದ ಡಬ್ಬಗಳು, ಎಲ್ಲವೂ ಎದೆ ಎತ್ತರದ ಮೇಲಿನ ಶೆಲ್ಫಿನಲ್ಲಿ. ನಾಲ್ಕು ಬಗೆ ಕಾಳು, ತಲಾ ಅರ್ಧ ಕೆಜಿ. ಅವಲಕ್ಕಿ, ರವೆ, ಕಡಲೆಹಿಟ್ಟು. ಸೋಮವಾರ ಹೆಸರುಕಾಳು ನೆನೆಸಿದರೆ ಬುಧವಾರ ಮೊಳಕೆ. ಕರೆಂಟ್ ಇಲ್ಲದಿದ್ದರೂ ಇದಕ್ಕೆ ಏನೂ ಬೇಡ. ತರಕಾರಿ ಇಲ್ಲದ ದಿನ ಅದೇ ನಮ್ಮ ತರಕಾರಿ. ಡಬ್ಬ ಅರ್ಧಕ್ಕೆ ಇಳಿಯದೆ ಹೊಸದು ತರುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಕಡಿಮೆ ಇಟ್ಟವರಿಗೆ ಮರೆಯುವ ಭಯವೂ ಕಡಿಮೆ ಅಂತ ನನಗೆ ಅನ್ನಿಸುತ್ತದೆ.

ಗಾಳಿಬೀಡು ದಾರಿ ಮನೆ

ಅಣ್ಣ, ನೀವು ಹೇಳಿದ್ದು ಸರಿಯೇ. ಆದರೆ ನಮಗೆ 10 ದಿನದ ಲೆಕ್ಕ ಸಾಲದು. ಜುಲೈನಲ್ಲಿ ಮಂಜು, ಮಳೆ, ಬಿದ್ದ ಮರ ಎಲ್ಲ ಸೇರಿದರೆ ಪೇಟೆಗೆ ಹೋಗುವುದು ದೊಡ್ಡ ಕೆಲಸ. ಆದರೂ "ಅರ್ಧಕ್ಕೆ ಇಳಿಯದೆ ಹೊಸದು ಬೇಡ" ಅನ್ನುವುದನ್ನು ಇವತ್ತಿನಿಂದಲೇ ಹಿಡಿಯುತ್ತೇನೆ. ಹಾಗೆ ಮಾಡದೆಯೇ ಅವರೆಕಾಳು ಹೋದದ್ದು.

ನಾಪೋಕ್ಲು ಅಮ್ಮ, ಹಬ್ಬದ ಲೆಕ್ಕ ನಮ್ಮ ಅತ್ತೆಗೆ ಓದಿ ಹೇಳಿದೆ. ಅವರ ತವರಲ್ಲೂ ಹಾಗೇ ಇತ್ತಂತೆ.

ವಿರಾಜಪೇಟೆ ನರ್ಸಮ್ಮ

ನಾನು ಆರೋಗ್ಯ ಕೆಲಸದಲ್ಲಿ 20 ವರ್ಷದಿಂದ ಇದ್ದೇನೆ. ಮಳೆಗಾಲದಲ್ಲಿ ವಾಂತಿ ಭೇದಿ ಅಂತ ಬರುವವರನ್ನು ನೋಡಿ ನೋಡಿ ಕೆಲವು ವಿಷಯ ಹೇಳಬೇಕು ಅನ್ನಿಸಿತು. ದೊಡ್ಡವರು ಬೇಜಾರು ಮಾಡಿಕೊಳ್ಳಬೇಡಿ.

ರಾತ್ರಿ ಉಳಿದ ಅನ್ನದ ವಿಷಯ. ಬೆಂದ ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಇದ್ದರೆ ಅದರಲ್ಲಿ ಒಂದು ರೋಗಾಣು ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮಡಿಕೇರಿ ಚಳಿಗೆ ಏನೂ ಆಗಲ್ಲ ಅಂತ ಸುಮ್ನೆ ಇರಬೇಡಿ, ಒಲೆ ಪಕ್ಕದಲ್ಲಿ ಇಟ್ಟ ಅನ್ನ ರಾತ್ರಿಯಿಡೀ ಬೆಚ್ಚಗೇ ಇರುತ್ತದೆ. ಕರೆಂಟ್ ಇದ್ದರೆ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಬೇಗ ಫ್ರಿಜ್‌ಗೆ ಇಡಿ. ಕರೆಂಟ್ ಇಲ್ಲದ ದಿನ ಅಳತೆ ನೋಡಿ ಅನ್ನ ಮಾಡಿ. ಅಕ್ಕಿ ಒಟ್ಟಿ ಮಾಡಲು ಬೇಕಾದ ಅನ್ನವನ್ನು ಬೆಳಿಗ್ಗೆಯೇ ಬೇಯಿಸಿಕೊಳ್ಳಿ.

ಫ್ರಿಜ್ ಬಾಗಿಲು ತೆಗೆಯದಿದ್ದರೆ ಕರೆಂಟ್ ಹೋದ ಮೇಲೆ ಸುಮಾರು 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ ಆದರೆ ಸುಮಾರು 48 ಗಂಟೆ. ಹಾಗಾಗಿ ಕರೆಂಟ್ ಹೋದ ದಿನ ಮೊದಲು ಹಾಲು, ಮೀನು, ಮಾಂಸ ಮುಗಿಸಿ. ಮೊಟ್ಟೆ, ಗೆಡ್ಡೆ, ಕಾಳು ಆಮೇಲೆ. ಅಕ್ಕ ಕೇಳಿದ "ಯಾವುದು ಮೊದಲು" ಅನ್ನುವುದಕ್ಕೆ ನನ್ನ ಉತ್ತರ ಇದೇ.

ಬೂಷ್ಟು ಹಿಡಿದ ಕಡಲೆಕಾಯಿ, ಕೊಬ್ಬರಿ, ಜೋಳವನ್ನು ತೊಳೆದು, ಹುರಿದು ಬಳಸುತ್ತಾರೆ. ಬೇಡವೇ ಬೇಡ. ಅದರ ವಿಷ ಲಿವರ್‌ಗೆ ಕೆಟ್ಟದ್ದು, ಹುರಿದರೆ ಪೂರ್ತಿ ಹೋಗುವುದಿಲ್ಲ.

ಇನ್ನು ಕಣಿಲೆ, ಅಂದರೆ ಎಳೆ ಬಿದಿರು. ಈಗ ಎಲ್ಲ ಮನೆಯಲ್ಲೂ ಬರುತ್ತದೆ. ಹಸಿ ಕಣಿಲೆಯಲ್ಲಿ ಸಯನೈಡ್ ಆಗುವ ಅಂಶ ಇದೆ. ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಾಯಿಸಿ, ಆಮೇಲೆ ಮುಚ್ಚಳ ಮುಚ್ಚದೆ ಕುದಿಸಿ ಆ ನೀರು ಚೆಲ್ಲಬೇಕು. ಅಣಬೆಯಂತೂ ಮನೆಯ ಹಿರಿಯರಿಗೆ ಖಂಡಿತ ಗುರುತು ಇದ್ದರೆ ಮಾತ್ರ.

ನಾಪೋಕ್ಲು ಹಳೇ ಅಡುಗೆಮನೆ

ಬೇಜಾರು ಏನಿಲ್ಲಮ್ಮ. ಕಣಿಲೆಯನ್ನು ನಾವು ಮೂರು ದಿನ ನೀರಲ್ಲಿ ಇಡುತ್ತೇವೆ. ಮೊದಲ ದಿನದ ನೀರು ಕಲಗಚ್ಚಿಗೂ ಹಾಕುವುದಿಲ್ಲ, ದನ ಕುಡಿದರೆ ಕಷ್ಟ. ನೀವು ಹೇಳಿದ್ದು ನಮ್ಮ ಪದ್ಧತಿಗೆ ಸರಿಹೊಂದುತ್ತದೆ. ಮುಚ್ಚಳದ ವಿಷಯ ಮಾತ್ರ ಹೊಸದಾಗಿ ತಿಳಿಯಿತು.

ಒಟ್ಟಿ ವಿಷಯದಲ್ಲಿ ಒಂದು ಮಾತು. ನಮ್ಮ ಮನೆಯಲ್ಲಿ ಉಳಿದ ಅನ್ನಕ್ಕೆ ರಾತ್ರಿ ತಣ್ಣೀರು ಹಾಕಿ ಒಲೆಯಿಂದ ದೂರ, ಹಿಂದಿನ ಜಗಲಿಯಲ್ಲಿ ಇಡುತ್ತಿದ್ದರು. ಅಲ್ಲಿ ಮೈ ನಡುಗುವಷ್ಟು ಚಳಿ. ಆದರೂ ನೀವು ರೋಗ ನೋಡಿದವರು, ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಇವತ್ತು ಬೆಳಿಗ್ಗೆ ಹೊಸ ಅನ್ನದಲ್ಲೇ ಮಾಡಿ ನೋಡಿದೆ. ಅನ್ನ ಬಿಸಿ ಇರುವಾಗ ಮಿದ್ದರೆ ಗಂಟೇ ಇರುವುದಿಲ್ಲ, ಒಟ್ಟಿ ಇನ್ನೂ ಮೆತ್ತಗೆ ಬಂತು.

ಗಾಳಿಬೀಡು ದಾರಿ ಮನೆ

ನರ್ಸಮ್ಮನವರಿಗೆ ತುಂಬಾ ಥ್ಯಾಂಕ್ಸ್. ನನ್ನ ಇನ್ನೊಂದು ತೊಂದರೆ ಹೇಳಲಾ? ಫ್ರಿಜ್ ಇಲ್ಲದೆ ಹೇಗೋ ನಡೆಯುತ್ತದೆ. ಮಿಕ್ಸಿ ಇಲ್ಲದೆ ನನಗೆ ಕೈಯೇ ಓಡುವುದಿಲ್ಲ. ನಮ್ಮ ಅಡುಗೆಗೆಲ್ಲ ಕಾಯಿ ಮಸಾಲೆ ಅರೆಯಲೇಬೇಕು. ಅರೆಯುವ ಕಲ್ಲು ಇದೆ, ಅತ್ತೆಗೆ ಭುಜ ನೋವು, ನನಗೆ ಅಭ್ಯಾಸ ಇಲ್ಲ. ಅರೆಯದೆ ಮಾಡುವ ಅಡುಗೆ ಯಾವುದು?

ಸಿದ್ದಾಪುರ ಹೋಂಸ್ಟೇ ಅಡುಗೆಯವಳು

ಅಕ್ಕ, ನಾನು ಹೋಂಸ್ಟೇಯಲ್ಲಿ ದಿನಾ 10-12 ಜನಕ್ಕೆ ಅಡುಗೆ ಮಾಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಇಲ್ಲ ಅಂದರೆ ಬಂದವರು ಉಪವಾಸ ಇರುತ್ತಾರಾ? ಅದಕ್ಕೆ ಮೇ ತಿಂಗಳಲ್ಲೇ ಪುಡಿ ಮಾಡಿಟ್ಟುಕೊಳ್ಳುತ್ತೇನೆ.

ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯ. ಒಂದೊಂದನ್ನೂ ಬೇರೆಯಾಗಿ ಹುರಿಯಬೇಕು. ಕೊತ್ತಂಬರಿ ಕಾಫಿ ಬೀಜದ ಬಣ್ಣಕ್ಕೆ ಬರುವವರೆಗೆ, ಆದರೆ ಕರಟಬಾರದು. ಹೊಗೆ ಏಳುವ ಸ್ವಲ್ಪ ಮೊದಲು ವಾಸನೆ ಬದಲಾಗುತ್ತದೆ, ಆವಾಗ ಕೆಳಗಿಳಿಸಿ. ಬಾಣಲೆಯಲ್ಲೇ ಬಿಟ್ಟರೆ ಬಿಸಿಗೆ ಇನ್ನೂ ಕಪ್ಪಾಗುತ್ತದೆ, ತಕ್ಷಣ ಮೊರಕ್ಕೆ ಹಾಕಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬಿ. ಈ ಪುಡಿ ಇದ್ದರೆ ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಏನೂ ಅರೆಯುವುದೇ ಬೇಡ. ಹೇಗೂ ನಮ್ಮ ಪಂದಿ ಕರಿಗೆ ಕಾಯಿ ಹಾಕುವುದಿಲ್ಲ. ಒಂದು ಕೆಜಿ ಮಾಂಸಕ್ಕೆ ಒಂದೆರಡು ಚಮಚ ಕಾಚಂಪುಳಿ ಕೊನೆಗೆ. ಇದೇ ಪುಡಿ ಹಲಸಿನ ಬೀಜಕ್ಕೆ, ಸುವರ್ಣಗೆಡ್ಡೆಗೆ, ಕುಂಬಳಕಾಯಿಗೆ, ಮೊಟ್ಟೆಗೆ ಎಲ್ಲದಕ್ಕೂ ಆಗುತ್ತದೆ.

ಇನ್ನೊಂದು ಕಡಂಬುಟ್ಟು. ಅಕ್ಕಿ ತರಿ ಮೊದಲೇ ಮಾಡಿಸಿ ಇಟ್ಟಿದ್ದರೆ ಮಿಕ್ಸಿ ಬೇಡ. ಒಂದು ಲೋಟ ತರಿಗೆ ಎರಡು ಲೋಟ ನೀರು, ಉಪ್ಪು, ಒಂದು ಚಮಚ ತುಪ್ಪ. ಕುದಿಯುವ ನೀರಿಗೆ ತರಿ ಸುರಿದು, ಕೈ ಬಿಡದೆ ತಿರುವಿ, ನೀರು ಇಂಗಿದ ಮೇಲೆ ಮುಚ್ಚಿಡಿ. ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ 20 ನಿಮಿಷ ಹಬೆಯಲ್ಲಿ ಇಡಿ. ಉಂಡೆ ಬಿರುಕು ಬಿಟ್ಟರೆ ನೀರು ಕಡಿಮೆ ಆಗಿದೆ ಅಂತ. ಹಳೇ ಅಕ್ಕಿಯ ತರಿಗೆ ಕಾಲು ಲೋಟ ಜಾಸ್ತಿ ಹಾಕಬೇಕು.

ಒಣ ಸಿಗಡಿಯನ್ನು ಹುರಿದು, ತಲೆ ಬಾಲ ತೆಗೆದು, ಕಲ್ಲಲ್ಲಿ ಎರಡು ಸುತ್ತು ಜಜ್ಜಿ, ಹಸಿ ಈರುಳ್ಳಿ, ಕಾಂತಾರಿ ಮೆಣಸು, ಹುಳಿ, ಕಾಯಿತುರಿ ಕೈಯಲ್ಲೇ ಕಿವುಚಿ. ಗಂಜಿ ಇದ್ದರೆ ಇದರ ಮುಂದೆ ಬೇರೆ ಏನೂ ಬೇಡ.

ಪೊನ್ನಂಪೇಟೆ ಇಬ್ಬರು ಮಕ್ಕಳ ಅಮ್ಮ

ಎಲ್ಲ ಸರಿ, ಮಕ್ಕಳು ತಿನ್ನಬೇಕಲ್ವಾ? ನನ್ನ ಮಗ ಒಣಮೀನಿನ ವಾಸನೆಗೇ ಎದ್ದು ಹೋಗುತ್ತಾನೆ. ಮಗಳಿಗೆ ಕಾಳು ಬೇಡ.

ಸಂಪಾಜೆ ಕಡೆಯವನು

ತಂಗಿ, ಹಲಸಿನ ಬೀಜವನ್ನು ಅವರ ಕೈಯಲ್ಲೇ ಕೆಂಡಕ್ಕೆ ಹಾಕಿಸಿ. ತುದಿ ಸ್ವಲ್ಪ ಕತ್ತರಿಸಿ ಹಾಕಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಸುಟ್ಟ ಬೀಜ ತಿನ್ನದ ಮಗುವನ್ನು ನಾನು ನೋಡಿಲ್ಲ. ಒಣಮೀನಿನ ಮಾತು ಬೇರೆ, ಅದನ್ನು ಬಲವಂತ ಮಾಡಬೇಡಿ. ನಾನೂ ಚಿಕ್ಕಂದಿನಲ್ಲಿ ಮುಟ್ಟುತ್ತಿರಲಿಲ್ಲ. ಬಿಸಿನೀರಲ್ಲಿ ಎರಡು ಸಲ ತೊಳೆದು, ಉಪ್ಪುಮಾವಿನಕಾಯಿ ಜತೆ ಸಾರು ಮಾಡಿದರೆ ವಾಸನೆ ಅರ್ಧ ಇಳಿಯುತ್ತದೆ.

ಸೋಮವಾರಪೇಟೆ ರಾಗಿಮನೆ

ಕಾಳು ಬೇಡ ಅನ್ನುವ ಮಗುವಿಗೆ ಮೊಳಕೆ ಹೆಸರುಕಾಳನ್ನು ಬೆಲ್ಲ, ಕಾಯಿತುರಿ ಜತೆ ಕೊಡಿ. ರಾಗಿಹಿಟ್ಟಿಗೆ ಬೆಲ್ಲ, ತುಪ್ಪ ಹಾಕಿ ಹುರಿದು ಉಂಡೆ ಕಟ್ಟಿದರೆ ಶಾಲೆಯಿಂದ ಬಂದ ಕೂಡಲೇ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಮಕ್ಕಳೇ ಕಾಳು ನೆನೆಸುತ್ತಾರೆ. ತಾವು ಇಟ್ಟ ಕಾಳಿಗೆ ಮೊಳಕೆ ಬಂತಾ ಅಂತ ದಿನಾ ಬಟ್ಟೆ ಬಿಚ್ಚಿ ನೋಡುತ್ತಾರೆ. ಹಾಗೆ ನೋಡಿದ್ದನ್ನು ಬೇಡ ಅನ್ನುವುದು ಕಷ್ಟ.

ಗಾಳಿಬೀಡು ದಾರಿ ಮನೆ

ಹತ್ತು ದಿನ ಆಯಿತು ಬರೆದು. ಏನು ಮಾಡಿದೆವು ಅಂತ ಹೇಳುತ್ತೇನೆ.

ಮೊದಲ ಭಾನುವಾರ ಸ್ಟೋರ್ ರೂಮಿನ ಎಲ್ಲ ಡಬ್ಬಗಳನ್ನು ನಡುಮನೆಗೆ ತಂದು ಸಾಲಾಗಿ ಇಟ್ಟೆವು. ಅತ್ತೆ ಅಲ್ಲೇ ಕೂತು ಒಂದೊಂದರ ಕಥೆ ಹೇಳಿದರು. 2023ರ ಕಾಚಂಪುಳಿ ಒಂದು ಬಾಟಲಿ ಸಿಕ್ಕಿತು. ಟಾರಿನ ಹಾಗೆ ಕಪ್ಪಗೆ, ಗಟ್ಟಿಯಾಗಿತ್ತು, ಏನೂ ಆಗಿರಲಿಲ್ಲ. ಮೂರು ಪಾಕೆಟ್ ಶಾವಿಗೆ, ಮೂರೂ ಅರ್ಧ ತೆರೆದದ್ದು. ನನಗೆ ಗೊತ್ತಿಲ್ಲದ ಒಂದು ಡಬ್ಬ ಬಾಳಕದ ಮೆಣಸು.

ಮಗಳ ಹಳೇ ಸ್ಲೇಟನ್ನು ಬಾಗಿಲಿಗೆ ಕಟ್ಟಿದೆವು. ಸ್ಲೇಟಿನಲ್ಲಿ ಎಲ್ಲ ಸಾಮಾನಿನ ಪಟ್ಟಿ ಬರೆದಿಲ್ಲ, ಬರೆದರೆ ಯಾರೂ ಓದುವುದಿಲ್ಲ. ಈ ವಾರ ಮುಗಿಯಬೇಕಾದ ಐದು ಪದಾರ್ಥ ಮಾತ್ರ. ಅತ್ತೆ ಹೇಳುತ್ತಾರೆ, ಮಗಳು ಬರೆಯುತ್ತಾಳೆ. ಮುಗಿದದ್ದನ್ನು ಅಳಿಸುವುದು ಮಗನ ಕೆಲಸ. ಅದಕ್ಕಾಗಿಯೇ ಅವನು ಸೌತೆಕಾಯಿ ಹುಳಿಯನ್ನು ಎರಡು ಸಲ ಹಾಕಿಸಿಕೊಂಡ.

ಈ ಹತ್ತು ದಿನದಲ್ಲಿ ಎರಡು ಸಲ ಮಾತ್ರ ಪೇಟೆಗೆ ಹೋದದ್ದು, ಅದೂ ಹಾಲು, ಮಾವನ ಔಷಧಿಗೆ. ಹುರುಳಿ ಬಸ್ಸಾರು ಮಾಡಿದೆ, ಮಾವನಿಗೆ ಬಹಳ ಇಷ್ಟ ಆಯಿತು. ಕುಂಬಳಕಾಯಿಗೆ ಸಿದ್ದಾಪುರದ ತಂಗಿ ಹೇಳಿದ ಪುಡಿ. ಮೊದಲ ಸಲ ಕೊತ್ತಂಬರಿ ಕರಟಿಸಿದೆ, ಕಹಿ ಬಂತು. ಎರಡನೇ ಸಲ ಅತ್ತೆ ಪಕ್ಕದಲ್ಲಿ ನಿಂತು "ಈಗ, ಈಗ ಇಳಿಸು" ಅಂದರು. ಆ ವಾಸನೆ ಈಗ ನನ್ನ ಮೂಗಿಗೂ ಗೊತ್ತು. ಶಾವಿಗೆ ಮೂರು ಪಾಕೆಟನ್ನೂ ಒಂದೇ ಸಲ ಹುರಿದು ಉಪ್ಪಿಟ್ಟು ಮಾಡಿ ಮುಗಿಸಿದೆ.

ಕಕ್ಕಡ 18ಕ್ಕೆ, ಆವತ್ತು ತಿನ್ನುವ ಮದ್ದು ಸೊಪ್ಪನ್ನು ಮಾವನೇ ಕಿತ್ತು ತಂದರು. ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಮಕ್ಕಳು ಬಾಯಿ ಬಿಟ್ಟು ನೋಡಿದರು. ಅದರಲ್ಲಿ ಹಳೇ ತರಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡಿದೆವು. ಡಬ್ಬದ ತಳದಲ್ಲಿ ಉಳಿದಿದ್ದ ತರಿ ಅಲ್ಲಿಗೆ ಖಾಲಿ.

ಈಗ ಅತ್ತೆಯ ಒಂದು ಪ್ರಶ್ನೆ ಇದೆ, ಸಂಪಾಜೆಯ ಅಣ್ಣನಿಗೆ. ಉಪ್ಪಲ್ಲಿ ಹಾಕಿದ ಮಾವಿನಕಾಯಿಯ ಭರಣಿಯಲ್ಲಿ ಮೇಲಿನ ನಾಲ್ಕು ಕಾಯಿ ನೀರಿನಿಂದ ಹೊರಗೆ ನಿಂತು ಬಿಳಿ ಬಂದಿದೆ. ಒಳಗಿನದು ಗಟ್ಟಿ ಇದೆ, ವಾಸನೆಯೂ ಚೆನ್ನಾಗಿದೆ. ಏನು ಮಾಡಬೇಕು?

ಸಂಪಾಜೆ ಕಡೆಯವನು

ಮೇಲಿನ ನಾಲ್ಕನ್ನೂ ಎಸೆಯಿರಿ ಅಕ್ಕ. ನೀರಿನ ಮೇಲೆ ತೆಳುವಾದ ಬಿಳಿ ಪೊರೆ ಅಷ್ಟೇ ಇದ್ದು, ಕೆಳಗಿನ ಕಾಯಿ ಗಟ್ಟಿಯಾಗಿ, ವಾಸನೆ ಸರಿಯಾಗಿದ್ದರೆ ಪೊರೆ ತೆಗೆದು ಉಳಿದದ್ದು ಬಳಸಬಹುದು. ಹಸಿರು, ಕಪ್ಪು ಬೂಷ್ಟು ಅಥವಾ ಲೋಳೆ ಕಂಡರೆ ಪೂರ್ತಿ ಭರಣಿ ಬಿಟ್ಟುಬಿಡಿ. ಉಳಿದ ಕಾಯಿಗೆ ಉಪ್ಪುನೀರು ಕುದಿಸಿ, ಪೂರ್ತಿ ಆರಿಸಿ ಸುರಿಯಿರಿ, ಕಾಯಿ ಮುಳುಗಬೇಕು. ಹೊಳೆಯ ದುಂಡು ಕಲ್ಲನ್ನು ಚೆನ್ನಾಗಿ ತೊಳೆದು ಕುದಿಸಿ ಭಾರ ಇಡಿ. ಈ ಭರಣಿಯ ಹೆಸರನ್ನು ನಾಳೆಯೇ ಸ್ಲೇಟಿಗೆ ಬರೆಸಿ.

ಗಾಳಿಬೀಡು ದಾರಿ ಮನೆ

ತೆಳು ಪೊರೆ ಮಾತ್ರ ಅಣ್ಣ, ಟಾರ್ಚ್ ಹಿಡಿದು ನೋಡಿದೆವು. ನಾಲ್ಕು ಕಾಯಿ ಹೋಯಿತು, 31 ಉಳಿಯಿತು. ನಾಳೆ ಎರಡನ್ನು ತೆಗೆದು ಗೊಜ್ಜು. ಮಗಳು ಸ್ಲೇಟಿಗೆ ಬರೆದಾಗಿದೆ.